ಘಾನಾದ ಪ್ರಥಮ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ: ಒಂದು ಐತಿಹಾಸಿಕ ವಿಮರ್ಶೆ

1

ಎರಡನೆಯ ಮಹಾಯುದ್ಧದ ಅನಂತರ ಸ್ವಾತಂತ್ರ್ಯವನ್ನು ಪಡೆದ ರಾಷ್ಟ್ರಗಳ ಇತಿಹಾಸವನ್ನು ಅಭ್ಯಸಿಸುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದುಂಟು. ಪರದಾಸ್ಯದ ವಿರುದ್ಧ ಹೋರಾಡಿ, ಸೆರೆಮನೆಯನ್ನು ಕಂಡು, ಜನರ ಪ್ರೀತಿಯನ್ನು ಸಂಪಾದಿಸಿ ಅಧಿಕಾರಕ್ಕೆ ಬಂದ ನಾಯಕನು ಕೆಲವೇ ವರ್ಷಗಳಲ್ಲಿ ತನ್ನ ಜೊತೆಗಾರರನ್ನೇ ಸೆರೆಮನೆಗೆ ಕಳುಹಿಸುವಂತಾದುದು ಹೇಗೆ? ಈ ಪ್ರಶ್ನೆಗೆ ಪಶ್ಚಿಮ ಆಫ್ರಿಕದ ಘಾನಾ ದೇಶದ ಪ್ರಥಮ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಜೀವನವು ಒದಗಿಸುವಷ್ಟು ಸ್ಪಷ್ಟವಾದ ಸಾಮಗ್ರಿಯನ್ನು ಬೇರೆ ಯಾರ ಜೀವನವೂ ಒದಗಿಸಲಾರದೆಂದು ನಾವು ಭಾವಿಸುತ್ತೇವೆ.

ಎನ್‌ಕ್ರುಮಾ ಅವರನ್ನು ಕುರಿತು ಪ್ರಚಲಿತವಾಗಿರುವ ಅಭಿಪ್ರಾಯಗಳು ಮುಖ್ಯವಾಗಿ ಮೂರು. ಆಫ್ರಿಕದ ವಿಮೋಚಕರಲ್ಲಿ ಅಗ್ರಗಣ್ಯರು, ವಿದೇಶೀಯರ ಸಂಚಿನಿಂದ ಪದಚ್ಯುತರಾದರು ಎಂಬುದು ಒಂದು. ದೇಶದ ಬೊಕ್ಕಸವನ್ನು ಬರಿದುಮಾಡಿ, ವಿರೋಧಿಗಳನ್ನು ಅಡಗಿಸಿದ ನಿರಂಕುಶಾಧಿಕಾರಿ ಎಂಬುದು ಇನ್ನೊಂದು. ಈ ಎರಡನ್ನೂ ಹೊಂದಿಸುವ ಉದ್ದೇಶದಿಂದ, ಅವರು 1957ರವರೆಗೆ ಒಳ್ಳೆಯವರಾಗಿದ್ದು ಅನಂತರ ಕೆಟ್ಟರೆಂದು ಹೇಳುವುದು ಮೂರನೆಯದು. ತರಗತಿಗಳಲ್ಲಿ ಸಾಮಾನ್ಯವಾಗಿ ಬೋಧಿಸಲ್ಪಡುವುದು ಈ ಮೂರನೆಯ ಅಭಿಪ್ರಾಯವೇ. ಇದು ಹೇಳಲು ಸುಲಭವಾದುದು. ಆದರೆ ಘಟನೆಗಳ ಕಾಲಾನುಕ್ರಮವು ಇದಕ್ಕೆ ಒಪ್ಪುವುದಿಲ್ಲ. ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲೇ ಬಿರುಕು ಕಾಣಿಸಿಕೊಂಡಿತ್ತು. ಪದಚ್ಯುತಿಗೆ ಒಂದು ತಿಂಗಳ ಮೊದಲು ಅವರ ಅತ್ಯಂತ ಸ್ಥಿರವಾದ ನಿರ್ಮಾಣವು ಪೂರ್ಣಗೊಂಡಿತು. ಆದುದರಿಂದ ವ್ಯಕ್ತಿಯ ಗುಣದೋಷಗಳ ಪಟ್ಟಿಯನ್ನು ಬದಿಗಿರಿಸಿ, ಕೋಕೋ ಬೆಲೆ, ಬಂಧನದ ಕಾಯಿದೆ ಮತ್ತು ವೋಲ್ಟಾ ನದಿಯ ಅಣೆಕಟ್ಟು ಎಂಬ ಮೂರು ವಿಷಯಗಳ ಮೂಲಕ ಅವರ ಆಳ್ವಿಕೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಎನ್‌ಕ್ರುಮಾ ಅವರು ಅಂದಿನ ಬ್ರಿಟಿಷ್ ವಸಾಹತಾದ ಗೋಲ್ಡ್ ಕೋಸ್ಟಿನ ನೈಋತ್ಯ ಮೂಲೆಯಲ್ಲಿರುವ ಎನ್‌ಕ್ರೊಫುಲ್ ಎಂಬ ಹಳ್ಳಿಯಲ್ಲಿ 1909ರಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗ, ತಾಯಿ ಸಣ್ಣ ವ್ಯಾಪಾರದಿಂದ ಜೀವನ ಸಾಗಿಸುತ್ತಿದ್ದವರು. ಮಿಷನ್ ಶಾಲೆಯಲ್ಲಿ ಓದಿ, ಅಕ್ರಾ ನಗರದ ಬಳಿಯ ಅಚಿಮೋಟ ಕಾಲೇಜಿನಲ್ಲಿ ಉಪಾಧ್ಯಾಯ ಶಿಕ್ಷಣವನ್ನು ಮುಗಿಸಿ, 1935ರಲ್ಲಿ ಅಮೆರಿಕಕ್ಕೆ ತೆರಳಿದರು. ಪೆನ್ಸಿಲ್ವೇನಿಯದ ಲಿಂಕನ್ ವಿಶ್ವವಿದ್ಯಾನಿಲಯದಲ್ಲಿ 1939ರಲ್ಲಿ ಪದವೀಧರರಾದರು. ಬೇಸಗೆಯ ರಜಾದಿನಗಳಲ್ಲಿ ಹಡಗುಗಳಲ್ಲಿ ಊಳಿಗ ಮಾಡುತ್ತ ಓದಿದ ಈ ಹತ್ತು ವರ್ಷಗಳಲ್ಲಿ ಅವರು ಮಾರ್ಕಸ್ ಗಾರ್ವೆಯ ಬರಹಗಳನ್ನೂ ಮಾರ್ಕ್ಸ್ ಮತ್ತು ಲೆನಿನ್ನರ ಗ್ರಂಥಗಳನ್ನೂ ಪರಿಚಯಮಾಡಿಕೊಂಡರು. 1945ರಲ್ಲಿ ಲಂಡನ್ನಿಗೆ ಬಂದು, ಅದೇ ವರ್ಷದ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಸೇರಿದ ಐದನೆಯ ಅಖಿಲ ಆಫ್ರಿಕ ಸಮ್ಮೇಳನದ ಸಂಘಟಕರಲ್ಲೊಬ್ಬರಾದರು.

ಅವರು ಸ್ವದೇಶಕ್ಕೆ ಮರಳಿದುದು ತಾವಾಗಿ ಅಲ್ಲ, ಆಹ್ವಾನದ ಮೇಲೆ. ಜೆ. ಬಿ. ಡಾಂಕ್ವಾ ಮೊದಲಾದ ವಕೀಲರೂ ವ್ಯಾಪಾರಸ್ಥರೂ 1947ರಲ್ಲಿ ಸ್ಥಾಪಿಸಿದ ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್ ಎಂಬ ಸಂಸ್ಥೆಗೆ ಪೂರ್ಣಾವಧಿಯ ಕಾರ್ಯದರ್ಶಿಯೊಬ್ಬರು ಬೇಕಾಗಿತ್ತು. ಅಮೆರಿಕದಲ್ಲಿ ಎನ್‌ಕ್ರುಮಾ ಅವರನ್ನು ಬಲ್ಲ ಆಕೊ ಅಜೆಯ್ ಅವರ ಹೆಸರನ್ನು ಸೂಚಿಸಿದರು. 1947ರ ಡಿಸೆಂಬರಿನಲ್ಲಿ ಅವರು ಬಂದಿಳಿದರು.

1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮಾಜಿ ಸೈನಿಕರು ಗವರ್ನರಿಗೆ ಮನವಿಯೊಂದನ್ನು ಒಪ್ಪಿಸಲು ಮೆರವಣಿಗೆಯಲ್ಲಿ ಹೊರಟರು. ಇವರಲ್ಲಿ ಅನೇಕರು ಬರ್ಮಾ ರಣರಂಗದಲ್ಲಿ, ನಮ್ಮ ಸೈನಿಕರು ಹೋರಾಡಿದ ಅದೇ ಕಾಡುಗಳಲ್ಲಿ ಹೋರಾಡಿದವರು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು, ನಗರದಲ್ಲಿ ದಂಗೆಯೆದ್ದಿತು. ದಂಗೆಗೆ ಕಾರಣರೆಂದು ಆರು ಮಂದಿ ನಾಯಕರನ್ನು ಸರ್ಕಾರವು ಬಂಧಿಸಿ ದೂರದ ಉತ್ತರ ಭಾಗಕ್ಕೆ ಕಳುಹಿಸಿತು. ಡಾಂಕ್ವಾ, ಎನ್‌ಕ್ರುಮಾ, ಆಕೊ ಅಜೆಯ್, ಎಡ್ವರ್ಡ್ ಅಕುಫೊ-ಅಡ್ಡೊ, ಒಬೆಟ್ಸೆಬಿ-ಲ್ಯಾಂಪ್ಟೆ, ವಿಲಿಯಂ ಒಫೊರಿ ಅಟ್ಟಾ—ಇವರೇ ಆ ಆರು ಮಂದಿ. 'ಷಣ್ನಾಯಕರು' ಎಂದು ನಾವು ಕರೆಯಬಹುದಾದ ಇವರ ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ವಿಚಾರಣೆಯಿಲ್ಲದ ಬಂಧನವೆಂದರೇನೆಂಬುದನ್ನು ಇವರೆಲ್ಲರೂ ಒಟ್ಟಿಗೆ, ಪರಕೀಯರ ಕೈಯಲ್ಲಿ ಅನುಭವಿಸಿದರು.

ಕನ್ವೆನ್ಷನ್ನಿನ ಹಿರಿಯರು ಸ್ವರಾಜ್ಯವನ್ನು 'ಆದಷ್ಟು ಬೇಗ' ಬಯಸಿದರೆ ಎನ್‌ಕ್ರುಮಾ ಅದನ್ನು 'ಈಗಲೇ' ಬಯಸಿದರು. 1949ರ ಜೂನ್ 12ರಂದು ಅವರು ಕನ್ವೆನ್ಷನ್ ಪೀಪಲ್ಸ್ ಪಾರ್ಟಿ ಎಂಬ ಬೇರೆ ಪಕ್ಷವನ್ನು ಕಟ್ಟಿದರು. ಪ್ರಾಥಮಿಕ ಶಾಲೆಯನ್ನು ದಾಟಿ ಗುಮಾಸ್ತೆಗಿರಿಯವರೆಗೆ ಬಂದ ಯುವಕರು, ಸಂತೆಯ ವ್ಯಾಪಾರಿ ಹೆಂಗಸರು, ಲಾರಿ ಚಾಲಕರು, ಕೂಲಿಕಾರರು ಇದರ ಬಲವಾದರು. ಗಾಂಧೀಜಿಯವರ ಸತ್ಯಾಗ್ರಹದಿಂದ ಪ್ರೇರಣೆ ಪಡೆದು, ಮುಷ್ಕರ, ಬಹಿಷ್ಕಾರ ಮತ್ತು ಅಸಹಕಾರಗಳನ್ನೊಳಗೊಂಡ 'ಪಾಸಿಟಿವ್ ಆಕ್ಷನ್' ಎಂಬ ಚಳವಳಿಯನ್ನು 1950ರ ಜನವರಿಯಲ್ಲಿ ಆರಂಭಿಸಿ ಅವರು ಸೆರೆಮನೆಯನ್ನು ಸೇರಿದರು. 1951ರ ಫೆಬ್ರವರಿಯ ಚುನಾವಣೆಯಲ್ಲಿ, ಜೇಮ್ಸ್ ಫೋರ್ಟ್ ಸೆರೆಮನೆಯಲ್ಲಿದ್ದುಕೊಂಡೇ ಸ್ಪರ್ಧಿಸಿ, ಅಕ್ರಾ ಕೇಂದ್ರ ಕ್ಷೇತ್ರದ 23,122 ಮತಗಳಲ್ಲಿ 22,780ನ್ನು ಪಡೆದರು. ನೇರ ಚುನಾವಣೆಯ 38 ಸ್ಥಾನಗಳಲ್ಲಿ 34 ಅವರ ಪಕ್ಷಕ್ಕೆ ದೊರೆತವು. ಗವರ್ನರ್ ಸರ್ ಚಾರ್ಲ್ಸ್ ಆರ್ಡೆನ್-ಕ್ಲಾರ್ಕ್ ಅವರನ್ನು ಬಿಡುಗಡೆ ಮಾಡಿ, ಸರ್ಕಾರದ ಕಾರ್ಯಭಾರದ ನಾಯಕತ್ವವನ್ನು ಒಪ್ಪಿಸಿದನು. 1952ರಲ್ಲಿ ಅವರು ಪ್ರಧಾನಮಂತ್ರಿಯಾದರು.

3

ಗೋಲ್ಡ್ ಕೋಸ್ಟಿನ ಐಶ್ವರ್ಯವು ಹೆಸರಿಗೆ ಚಿನ್ನದ್ದಾದರೂ ವಾಸ್ತವವಾಗಿ ಕೋಕೋ ಬೆಳೆಯದು. ದಕ್ಷಿಣದ ಅರಣ್ಯಪ್ರದೇಶದಲ್ಲಿ, ವಿಶೇಷವಾಗಿ ಅಶಾಂಟಿ ಪ್ರಾಂತದಲ್ಲಿ, ಸಣ್ಣ ಹಿಡುವಳಿಯ ಆಫ್ರಿಕನ್ ರೈತರೇ ಸ್ವಂತ ಉದ್ಯಮದಿಂದ ಈ ಬೆಳೆಯನ್ನು ಬೆಳೆಸಿ, ಆ ದೇಶವನ್ನು ಜಗತ್ತಿನ ಅತಿ ದೊಡ್ಡ ಕೋಕೋ ಉತ್ಪಾದಕವನ್ನಾಗಿ ಮಾಡಿದ್ದರು. ಬ್ರಿಟಿಷರು 1947ರಲ್ಲಿ ಕೋಕೋ ಮಾರಾಟ ಮಂಡಲಿಯೊಂದನ್ನು ಸ್ಥಾಪಿಸಿದರು. ಬೆಳೆಯನ್ನು ಗೊತ್ತಾದ ಬೆಲೆಗೆ ಕೊಂಡು ವಿದೇಶಗಳಲ್ಲಿ ಮಾರಿ, ಒಳ್ಳೆಯ ವರ್ಷಗಳ ಉಳಿತಾಯವನ್ನು ಕೆಟ್ಟ ವರ್ಷಗಳಲ್ಲಿ ರೈತನಿಗೆ ಹಿಂದಿರುಗಿಸುವುದು ಅದರ ಘೋಷಿತ ಉದ್ದೇಶ. ಆದರೆ ಉಳಿತಾಯವು ಲಂಡನ್ನಿನಲ್ಲಿ ಸ್ಟರ್ಲಿಂಗ್ ನಿಧಿಯಾಗಿ ಶೇಖರವಾಗುತ್ತ ಹೋಯಿತು. ಯುದ್ಧಕಾಲದ ಭಾರತದ ಸ್ಟರ್ಲಿಂಗ್ ಶೇಷವನ್ನು ಕುರಿತು ಓದಿದವರಿಗೆ ಈ ವ್ಯವಸ್ಥೆಯ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

1954ರಲ್ಲಿ ಜಗತ್ತಿನ ಪೇಟೆಯಲ್ಲಿ ಕೋಕೋ ಬೆಲೆಯು ಟನ್ನಿಗೆ 400 ಪೌಂಡುಗಳನ್ನು ಮೀರಿತು. ಆ ವರ್ಷದ ಚುನಾವಣೆಯಲ್ಲಿ ಗೆದ್ದ ಎನ್‌ಕ್ರುಮಾ ಸರ್ಕಾರವು ಆಗಸ್ಟ್ ತಿಂಗಳಲ್ಲಿ ಶಾಸನವೊಂದನ್ನು ತಂದು, ರೈತನಿಗೆ ಸಲ್ಲುವ ಬೆಲೆಯನ್ನು 60 ಪೌಂಡು ತೂಕದ ಒಂದು ಹೊರೆಗೆ 72 ಷಿಲಿಂಗುಗಳೆಂದು ನಾಲ್ಕು ವರ್ಷಗಳ ಮಟ್ಟಿಗೆ ನಿಗದಿಮಾಡಿತು. ಚುನಾವಣೆಯ ಕಾಲದಲ್ಲಿ ನೂರು ಷಿಲಿಂಗಿನ ಆಸೆಯು ಹಳ್ಳಿಗಳಲ್ಲಿ ಹರಡಿತ್ತು. ಇಲ್ಲಿ ಸರ್ಕಾರದ ವಾದವನ್ನೂ ನ್ಯಾಯವಾಗಿ ಹೇಳಬೇಕು. ರೈತನ ಕೈಗೆ ಹಣವೆಲ್ಲ ಒಮ್ಮೆಗೇ ಸೇರಿದರೆ ಬೆಲೆಯೇರಿಕೆಯುಂಟಾಗುತ್ತದೆ. ಶಾಲೆ, ರಸ್ತೆ, ಆಸ್ಪತ್ರೆ, ಬಂದರುಗಳಿಗೆ ಬಂಡವಾಳವು ಬೇರೆಲ್ಲಿಂದಲೂ ಬರುವಂತಿಲ್ಲ. ಒಂದು ಪ್ರಾಂತದ ಬೆಳೆಯು ಇಡೀ ರಾಷ್ಟ್ರದ ಆಸ್ತಿ. 1952ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದುಗೊಳಿಸಿದ ಸರ್ಕಾರವು ಹೀಗೆ ವಾದಿಸಿದುದು ಕಪಟವಲ್ಲ.

ಆದರೆ ಅಶಾಂಟಿಯ ರೈತನಿಗೆ ಕಂಡುದು ಬೇರೆ. ಬ್ರಿಟಿಷರ ಕಾಲದಲ್ಲಿ ತನ್ನ ಬೆಲೆಯನ್ನು ತಾನಲ್ಲದ ಬೇರೊಬ್ಬರು ನಿರ್ಧರಿಸುತ್ತಿದ್ದರು. ಸ್ವರಾಜ್ಯ ಬರುತ್ತಿರುವಾಗಲೂ ಬೇರೊಬ್ಬರೇ ನಿರ್ಧರಿಸಿದರು. 1954ರ ಸೆಪ್ಟೆಂಬರಿನಲ್ಲಿ ಕುಮಾಸಿ ನಗರದಲ್ಲಿ ರಾಷ್ಟ್ರೀಯ ವಿಮೋಚನಾ ಚಳವಳಿ ಎಂಬ ಪಕ್ಷವು ಹುಟ್ಟಿತು. ಅಶಾಂಟಿ ಅರಸನ ಆಸ್ಥಾನದ ಹಿರಿಯ ವಾಗ್ಮಿಯಾದ ಬಾಫೋರ್ ಒಸೆಯ್ ಅಕೊಟೊ ಅದರ ಅಧ್ಯಕ್ಷರಾದರು. ಕೋಕೋ ಬೆಲೆಯ ಅಸಮಾಧಾನಕ್ಕೆ ಪ್ರಾಂತೀಯ ಅಭಿಮಾನವೂ ಪಾಳೆಯಗಾರರ ಆತಂಕವೂ ಸೇರಿ, ಒಕ್ಕೂಟ ಮಾದರಿಯ ಸಂವಿಧಾನದ ಬೇಡಿಕೆಯಾಗಿ ಬೆಳೆಯಿತು. ಎರಡೂ ಕಡೆಯವರು ಹಿಂಸೆಗಿಳಿದರು. 1955ರ ನವೆಂಬರಿನಲ್ಲಿ ಎನ್‌ಕ್ರುಮಾ ಅವರ ಮನೆಯ ಮೇಲೆಯೇ ಬಾಂಬು ಬಿತ್ತು.

ಬ್ರಿಟಿಷ್ ಸರ್ಕಾರವು ಮತ್ತೊಂದು ಚುನಾವಣೆ ಬೇಕೆಂದಿತು. 1956ರ ಚುನಾವಣೆಯಲ್ಲಿ ಎನ್‌ಕ್ರುಮಾ ಅವರ ಪಕ್ಷವು 104 ಸ್ಥಾನಗಳಲ್ಲಿ 71ನ್ನು ಗೆದ್ದಿತು; ಆದರೆ ಅಶಾಂಟಿಯ 21 ಸ್ಥಾನಗಳಲ್ಲಿ ಅದಕ್ಕೆ ದೊರೆತುದು 8 ಮಾತ್ರ. 1957ರ ಮಾರ್ಚ್ 6ರಂದು ಗೋಲ್ಡ್ ಕೋಸ್ಟು ಪ್ರಾಚೀನ ಸಾಮ್ರಾಜ್ಯವೊಂದರ ಹೆಸರನ್ನು ತಳೆದು ಘಾನಾ ಎಂಬ ಸ್ವತಂತ್ರ ರಾಷ್ಟ್ರವಾಯಿತು. ಸಹಾರಾ ಮರುಭೂಮಿಯ ದಕ್ಷಿಣದ ಬ್ರಿಟಿಷ್ ವಸಾಹತುಗಳಲ್ಲಿ ಆಫ್ರಿಕನ್ ಬಹುಜನರ ಕೈಗೆ ಅಧಿಕಾರ ಬಂದುದು ಇದೇ ಮೊದಲು. ಆ ಹೆಸರನ್ನು ಸೂಚಿಸಿ ಪ್ರಚಾರಪಡಿಸಿದವರಲ್ಲಿ ಡಾಂಕ್ವಾ ಮುಖ್ಯರು ಎಂಬುದು ಇಲ್ಲಿ ಗಮನಾರ್ಹ.

4

ಹೊಸ ರಾಷ್ಟ್ರದ ಮೊದಲ ವರ್ಷದಲ್ಲಿಯೇ ಸರ್ಕಾರವು ಕೈಗೊಂಡ ಕ್ರಮಗಳನ್ನು ಅನುಕ್ರಮವಾಗಿ ನೋಡೋಣ. ಕುಮಾಸಿಯ ಇಬ್ಬರು ಮುಸ್ಲಿಂ ಮುಖಂಡರನ್ನು, ಅವರ ಪೌರತ್ವದ ಪ್ರಶ್ನೆಯು ನ್ಯಾಯಾಲಯದ ಮುಂದಿರುವಾಗಲೇ ವಿಶೇಷ ಶಾಸನವೊಂದರಿಂದ ಗಡೀಪಾರು ಮಾಡಲಾಯಿತು. 1957ರ ಡಿಸೆಂಬರಿನಲ್ಲಿ ಪ್ರಾಂತ, ಕುಲ ಅಥವಾ ಮತದ ಆಧಾರದ ಮೇಲೆ ಕಟ್ಟಿದ ಪಕ್ಷಗಳು ನಿಷೇಧಿಸಲ್ಪಟ್ಟವು. ವಿರೋಧ ಪಕ್ಷಗಳೆಲ್ಲ ಕೊಫಿ ಬುಸಿಯಾ ಅವರ ಮುಖಂಡತ್ವದಲ್ಲಿ ಒಂದಾದವು. 1958ರ ಜುಲೈಯಲ್ಲಿ ಮುಂಜಾಗ್ರತಾ ಬಂಧನ ಕಾಯಿದೆಯು ಅಂಗೀಕೃತವಾಯಿತು. ಇದರಂತೆ, ರಾಷ್ಟ್ರದ ಭದ್ರತೆಗೆ ಅಪಾಯಕಾರಿ ಎಂದು ಸರ್ಕಾರವು ಭಾವಿಸಿದ ಯಾವ ಪ್ರಜೆಯನ್ನಾದರೂ ಐದು ವರ್ಷಗಳವರೆಗೆ ವಿಚಾರಣೆಯಿಲ್ಲದೆ ಬಂಧನದಲ್ಲಿಡಬಹುದಾಗಿತ್ತು. ಬಂಧಿತನು ತನ್ನ ಅಹವಾಲನ್ನು ಹೇಳಿಕೊಳ್ಳಬೇಕಾದುದು ತನ್ನನ್ನು ಬಂಧಿಸಿದ ಸರ್ಕಾರಕ್ಕೇ.

ಇಂತಹ ಕಾಯಿದೆಯು ಭಾರತದಲ್ಲಿಯೂ ಇತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ನಮ್ಮ ಸಂವಿಧಾನದ 22ನೆಯ ಅನುಚ್ಛೇದವು ಮುಂಜಾಗ್ರತಾ ಬಂಧನಕ್ಕೆ ಅವಕಾಶವಿತ್ತಿದೆ. ಗಣರಾಜ್ಯವು ಜನ್ಮತಾಳಿದ ತಿಂಗಳೊಳಗಾಗಿಯೇ, 1950ರ ಫೆಬ್ರವರಿಯಲ್ಲಿ, ಗೃಹಮಂತ್ರಿ ಸರ್ದಾರ್ ಪಟೇಲರು ಆ ಕಾಯಿದೆಯನ್ನು ತಂದರು. ವ್ಯತ್ಯಾಸವಿದ್ದುದು ಉದ್ದೇಶದಲ್ಲಲ್ಲ, ಕಟ್ಟುಪಾಡುಗಳಲ್ಲಿ. ಭಾರತದಲ್ಲಿ ಸಲಹಾ ಮಂಡಲಿಯ ಪರಿಶೀಲನೆಯೊಂದಿತ್ತು, ಕಾಯಿದೆಗೆ ಗೊತ್ತಾದ ಅವಧಿಯಿದ್ದು ಅದನ್ನು ಮುಂದುವರಿಸಬೇಕಾದಾಗಲೆಲ್ಲ ಸಂಸತ್ತಿನ ಮುಂದೆ ತರಬೇಕಾಗಿತ್ತು, ಎ. ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದರೂ ಅದರ 14ನೆಯ ಪ್ರಕರಣವನ್ನು ಅಸಿಂಧುವೆಂದು ಸಾರಿತು. ಘಾನಾದಲ್ಲಿ ಈ ತಡೆಗಳು ಇರಲಿಲ್ಲ.

1959ರ ನವೆಂಬರಿನಲ್ಲಿ ಬಂಧಿತರಾದವರಲ್ಲಿ ಕೋಕೋ ಬೆಲೆಯ ಹೋರಾಟವನ್ನು ನಡೆಸಿದ ಅಕೊಟೊ ಒಬ್ಬರು. ಅವರೂ ಅವರ ಸಂಗಡಿಗರೂ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಿದರು. ಡಾಂಕ್ವಾ ಅವರ ಪರವಾಗಿ ವಾದಿಸಿದರು. ಅಷ್ಟರಲ್ಲಿ 1960ರ ಜುಲೈ 1ರಂದು ಘಾನಾ ಗಣರಾಜ್ಯವಾಗಿ, ಎನ್‌ಕ್ರುಮಾ ಅದರ ಅಧ್ಯಕ್ಷರಾಗಿದ್ದರು; ಆ ಚುನಾವಣೆಯಲ್ಲಿ ಅವರ ಪ್ರತಿಸ್ಪರ್ಧಿಯಾಗಿದ್ದವರೂ ಡಾಂಕ್ವಾ ಅವರೇ. ಹೊಸ ಸಂವಿಧಾನದ 13ನೆಯ ಅನುಚ್ಛೇದದಂತೆ ಅಧ್ಯಕ್ಷನು ಅಧಿಕಾರ ಸ್ವೀಕಾರದ ಸಮಯದಲ್ಲಿ ವ್ಯಕ್ತಿಸ್ವಾತಂತ್ರ್ಯವೇ ಮೊದಲಾದ ತತ್ತ್ವಗಳಿಗೆ ಬದ್ಧನೆಂದು ಘೋಷಿಸಬೇಕು. ಬಂಧನದ ಕಾಯಿದೆಯು ಈ ಘೋಷಣೆಗೆ ವಿರುದ್ಧವಾದುದೆಂದು ಡಾಂಕ್ವಾ ವಾದಿಸಿದರು. 1961ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಸರ್ ಅರ್ಕು ಕೊರ್ಸಾ ಅವರ ನೇತೃತ್ವದ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಆ ಘೋಷಣೆಯು ಅರಸನ ಪಟ್ಟಾಭಿಷೇಕದ ಪ್ರಮಾಣವಚನದಂತೆ ಕೇವಲ ನೈತಿಕ ಹೊಣೆಯನ್ನು ಹೊರಿಸುತ್ತದೆ, ನ್ಯಾಯಾಲಯವು ಜಾರಿಗೊಳಿಸಬಹುದಾದ ಹಕ್ಕನ್ನಲ್ಲ ಎಂಬುದು ಅದರ ಸಾರಾಂಶ. ಅದೇ ವರ್ಷದ ಅಕ್ಟೋಬರಿನಲ್ಲಿ ಡಾಂಕ್ವಾ ಅವರು ಅದೇ ಕಾಯಿದೆಯಡಿಯಲ್ಲಿ ಬಂಧಿತರಾದರು.

ಮುಂದಿನ ಘಟನೆಗಳು ಶೀಘ್ರವಾಗಿ ನಡೆದವು. 1962ರ ಆಗಸ್ಟ್ 1ರಂದು ಉತ್ತರದ ಕುಲುಂಗುಗು ಗ್ರಾಮದಲ್ಲಿ ಅಧ್ಯಕ್ಷರ ಮೇಲೆ ಬಾಂಬು ಎಸೆಯಲಾಯಿತು. ಅವರು ಗಾಯಗೊಂಡು ಬದುಕಿಕೊಂಡರು. ಈ ಸಂಚಿನಲ್ಲಿ ಸೇರಿದ್ದರೆಂಬ ಆರೋಪದ ಮೇಲೆ ಅಧ್ಯಕ್ಷರಿಗೆ ಅತಿ ಸಮೀಪವರ್ತಿಯಾಗಿದ್ದ ತವಿಯಾ ಅಡಮಾಫಿಯೊ ಅವರನ್ನೂ, ವಿದೇಶಾಂಗ ಮಂತ್ರಿಯಾಗಿದ್ದ ಆಕೊ ಅಜೆಯ್ ಅವರನ್ನೂ ವಿಶೇಷ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. 1963ರ ಡಿಸೆಂಬರಿನಲ್ಲಿ ನ್ಯಾಯಾಲಯವು ಸಾಕ್ಷ್ಯವು ಸಾಲದೆಂದು ಇವರನ್ನು ಬಿಡುಗಡೆಮಾಡಿತು. ಎರಡೇ ದಿನಗಳಲ್ಲಿ ಮುಖ್ಯ ನ್ಯಾಯಾಧೀಶರನ್ನು ಅಧ್ಯಕ್ಷರು ವಜಾ ಮಾಡಿದರು. ಪ್ರಮಾಣವಚನವು ಅಧ್ಯಕ್ಷನನ್ನು ಕಾನೂನಿನಿಂದ ಕಟ್ಟಿಹಾಕದೆಂದು ತೀರ್ಪಿತ್ತ ಕೊರ್ಸಾ ಅವರೇ ಹೀಗೆ ಆ ತೀರ್ಪಿನ ಫಲವನ್ನು ಉಣ್ಣಬೇಕಾಯಿತು. ತೀರ್ಪನ್ನು ರದ್ದುಪಡಿಸುವ ಅಧಿಕಾರವನ್ನು ಶಾಸನದ ಮೂಲಕ ಪಡೆದು, ಮರುವಿಚಾರಣೆ ನಡೆಸಿ, ಆರೋಪಿಗಳಿಗೆ ಮರಣದಂಡನೆಯನ್ನು ವಿಧಿಸಲಾಯಿತು. ಅದನ್ನು ಎನ್‌ಕ್ರುಮಾ ಕಾರಾಗೃಹವಾಸಕ್ಕೆ ಇಳಿಸಿದರು. 1964ರ ಜನವರಿಯಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಶೇಕಡಾ 99.91 ಮತಗಳಿಂದ ಏಕಪಕ್ಷ ವ್ಯವಸ್ಥೆಯು ಅಂಗೀಕೃತವಾಯಿತೆಂದು ಘೋಷಿಸಲಾಯಿತು. 1951ರಲ್ಲಿ ಸೆರೆಮನೆಯಿಂದ ಗೆದ್ದಾಗಲೂ ಎನ್‌ಕ್ರುಮಾ ಅವರ ವಿರುದ್ಧ ನೂರಾರು ಮತಗಳಿದ್ದವು. ಈಗ ಅಶಾಂಟಿಯಂತಹ ಪ್ರಾಂತದಿಂದಲೂ ಒಂದೇ ಒಂದು ವಿರೋಧ ಮತವು ಲೆಕ್ಕಕ್ಕೆ ಬರಲಿಲ್ಲ.

ಷಣ್ನಾಯಕರಲ್ಲಿ ಉಳಿದ ಐವರ ಗತಿಯನ್ನು ಇನ್ನು ಒಂದೆಡೆ ಬರೆಯಬಹುದು. ಒಬೆಟ್ಸೆಬಿ-ಲ್ಯಾಂಪ್ಟೆ 1963ರಲ್ಲಿ ಬಂಧನದಲ್ಲಿದ್ದಾಗಲೇ ಮರಣ ಹೊಂದಿದರು. ಡಾಂಕ್ವಾ ಎರಡನೆಯ ಬಾರಿ ಬಂಧಿತರಾಗಿ 1965ರ ಫೆಬ್ರವರಿಯಲ್ಲಿ ಎನ್ಸವಾಮ್ ಸೆರೆಮನೆಯಲ್ಲಿ ಕೊನೆಯುಸಿರೆಳೆದರು. ಎನ್‌ಕ್ರುಮಾ ಅವರ ಹೆಸರನ್ನು ಮೊದಲು ಸೂಚಿಸಿದ ಆಕೊ ಅಜೆಯ್ ಮರಣದಂಡನೆಯನ್ನು ಕೇಳಿಸಿಕೊಂಡರು. ಒಫೊರಿ ಅಟ್ಟಾ ಬಂಧನವನ್ನು ಅನುಭವಿಸಿದರು. ನ್ಯಾಯಾಧೀಶರಾಗಿದ್ದ ಅಕುಫೊ-ಅಡ್ಡೊ, ಆರೋಪಿಗಳನ್ನು ಬಿಡುಗಡೆ ಮಾಡಿದ ಪೀಠದಲ್ಲಿದ್ದ ಕಾರಣದಿಂದ, 1964ರಲ್ಲಿ ಪದವಿಯನ್ನು ಕಳೆದುಕೊಂಡರು. 1948ರಲ್ಲಿ ಬ್ರಿಟಿಷರು ಈ ಆರು ಮಂದಿಯನ್ನು ಕೆಲವು ವಾರಗಳ ಮಟ್ಟಿಗೆ ಬಂಧಿಸಿದ್ದರು. ಸ್ವತಂತ್ರ ರಾಷ್ಟ್ರವು ಅವರಲ್ಲಿಬ್ಬರನ್ನು ಸೆರೆಮನೆಯಿಂದ ಜೀವಸಹಿತ ಹೊರಗೆ ಬಿಡಲಿಲ್ಲ.

5

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚಿತ್ರವು ಅಪೂರ್ಣವಾಗುತ್ತದೆ. ಎನ್‌ಕ್ರುಮಾ ಆಳ್ವಿಕೆಯಲ್ಲಿ ಪ್ರಾಥಮಿಕ ವಿದ್ಯಾಭ್ಯಾಸವು ಹಳ್ಳಿಹಳ್ಳಿಗೂ ಹಬ್ಬಿತು. 1961ರ ಶಿಕ್ಷಣ ಕಾಯಿದೆಯು ಅದನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿತು. ಟೆಮಾ ಎಂಬಲ್ಲಿ ಹೊಸ ಬಂದರೂ ನಗರವೂ ನಿರ್ಮಾಣವಾದವು. ಕುಮಾಸಿಯ ತಾಂತ್ರಿಕ ವಿದ್ಯಾಲಯವು ವಿಶ್ವವಿದ್ಯಾನಿಲಯವಾಯಿತು. ಕೇಪ್ ಕೋಸ್ಟಿನಲ್ಲಿ ಮತ್ತೊಂದು ಉನ್ನತ ವಿದ್ಯಾಸಂಸ್ಥೆಯು 1962ರಲ್ಲಿ ಆರಂಭವಾಯಿತು.

ಇವೆಲ್ಲಕ್ಕೂ ಮಿಗಿಲಾದುದು ವೋಲ್ಟಾ ನದಿಗೆ ಅಕೊಸೊಂಬೊ ಎಂಬಲ್ಲಿ ಕಟ್ಟಿದ ಅಣೆಕಟ್ಟು. ಇದರಿಂದುಂಟಾದ ಸರೋವರದ ವಿಸ್ತಾರ ಸುಮಾರು 8,500 ಚದರ ಕಿಲೋಮೀಟರು. ಸುಮಾರು 80,000 ಜನರು ತಮ್ಮ ಊರುಗಳನ್ನು ಬಿಟ್ಟು ಹೊಸ ವಸತಿಗಳಿಗೆ ಹೋಗಬೇಕಾಯಿತು. ಮುಳುಗಡೆಯ ನೋವನ್ನು ಕಂಡಿರುವ ಕನ್ನಡನಾಡಿನ ವಾಚಕರಿಗೆ ಈ ಅಂಕೆಯ ಅರ್ಥವು ತಾನಾಗಿ ಹೊಳೆಯುವುದು. ನಾಡಿನಲ್ಲಿಯೇ ದೊರೆಯುವ ಬಾಕ್ಸೈಟಿನಿಂದ ಅಲ್ಯೂಮಿನಿಯಂ ತಯಾರಿಸಿ ಕೈಗಾರಿಕೆಗೆ ತಳಹದಿ ಹಾಕಬೇಕೆಂಬುದು ಎನ್‌ಕ್ರುಮಾ ಅವರ ಆಸೆ. ಆದರೆ ಸಾಲ ಕೊಟ್ಟವರ ಮತ್ತು ಅಮೆರಿಕದ ಕೈಸರ್ ಸಂಸ್ಥೆಯ ಒಪ್ಪಂದದಂತೆ ಟೆಮಾದ ಕಾರ್ಖಾನೆಯು ಹೊರದೇಶದಿಂದ ತರಿಸಿದ ಅಲ್ಯೂಮಿನಾವನ್ನೇ ಬಳಸಿತು. ಅಗ್ಗದ ದರದ ವಿದ್ಯುತ್ತಿನ ದೊಡ್ಡ ಪಾಲು ಅದಕ್ಕೆ ಮೀಸಲಾಯಿತು. ರಾಜಕೀಯ ಸ್ವಾತಂತ್ರ್ಯವನ್ನು ಪಡೆದ ರಾಷ್ಟ್ರವು ಆರ್ಥಿಕವಾಗಿ ಪರಾಧೀನವಾಗಿಯೇ ಉಳಿಯುವ ಬಗೆಯನ್ನು ಕುರಿತು ಎನ್‌ಕ್ರುಮಾ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆ ಗ್ರಂಥದ ವಾದಕ್ಕೆ ಅವರ ಅಣೆಕಟ್ಟೇ ಒಂದು ನಿದರ್ಶನವಾಗಿತ್ತೆಂದರೆ ತಪ್ಪಾಗಲಾರದು. ಹಾಗಿದ್ದರೂ ಅಕೊಸೊಂಬೊ ವಿದ್ಯುತ್ತು ದಶಕಗಳ ಕಾಲ ಘಾನಾಕ್ಕೆ ಬೆಳಕನ್ನೂ ಕೈಗಾರಿಕೆಗೆ ಬಲವನ್ನೂ ಒದಗಿಸಿತೆಂಬುದು ನಿರ್ವಿವಾದ.

ಅರ್ಥಶಾಸ್ತ್ರಜ್ಞ ಡಬ್ಲ್ಯು. ಆರ್ಥರ್ ಲೂಯಿಸ್ 1953ರಲ್ಲಿ ಗೋಲ್ಡ್ ಕೋಸ್ಟ್ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ, ಕೈಗಾರಿಕೆಗಿಂತ ಮೊದಲು ಆಹಾರ ಬೆಳೆಯುವ ರೈತನ ಉತ್ಪಾದನಾಶಕ್ತಿಯನ್ನು ಹೆಚ್ಚಿಸಬೇಕೆಂದು ಸಲಹೆಯಿತ್ತಿದ್ದರು. ಅದು ನಡೆಯಲಿಲ್ಲ. ಸರ್ಕಾರಿ ಕಾರ್ಖಾನೆಗಳೂ ಸರ್ಕಾರಿ ವ್ಯವಸಾಯ ಕ್ಷೇತ್ರಗಳೂ ಹೆಚ್ಚಿದವು. ಸ್ವಾತಂತ್ರ್ಯದ ಹೊತ್ತಿಗೆ ಸುಮಾರು 20 ಕೋಟಿ ಪೌಂಡುಗಳಷ್ಟಿದ್ದ ಮೀಸಲು ನಿಧಿಯು ಕರಗಿ, ಅದರ ಸ್ಥಾನದಲ್ಲಿ ವಿದೇಶೀ ಸಾಲ ಬೆಳೆಯಿತು. 1964–65ರಲ್ಲಿ ಕೋಕೋ ಫಸಲು ಐದೂವರೆ ಲಕ್ಷ ಟನ್ನುಗಳನ್ನು ಮೀರಿದರೂ, 1965ರ ಮಧ್ಯಭಾಗದಲ್ಲಿ ಅದರ ಬೆಲೆಯು ಟನ್ನಿಗೆ 100 ಪೌಂಡುಗಳ ಆಸುಪಾಸಿಗೆ ಇಳಿದುಹೋಯಿತು. ಕೆಟ್ಟ ವರ್ಷದಲ್ಲಿ ರೈತನನ್ನು ರಕ್ಷಿಸಬೇಕಾಗಿದ್ದ ಮಂಡಲಿಯ ನಿಧಿಯು ಆಗ ಬರಿದಾಗಿತ್ತು.

6

1966ರ ಜನವರಿ 22ರಂದು ಎನ್‌ಕ್ರುಮಾ ಅಕೊಸೊಂಬೊ ವಿದ್ಯುದಾಗಾರವನ್ನು ಉದ್ಘಾಟಿಸಿದರು. ಫೆಬ್ರವರಿ 24ರಂದು, ವಿಯೆಟ್ನಾಂ ಯುದ್ಧವನ್ನು ನಿಲ್ಲಿಸುವ ಸಂಧಾನಕ್ಕಾಗಿ ಅವರು ಹ್ಯಾನೊಯಿಗೆ ಪ್ರಯಾಣ ಹೊರಟಿದ್ದಾಗ, ಸೈನ್ಯವೂ ಪೊಲೀಸರೂ ಸೇರಿ ಅಧಿಕಾರವನ್ನು ಕಸಿದುಕೊಂಡರು. ಅಮೆರಿಕದ ಅಧಿಕಾರಿಗಳಿಗೆ ಈ ಸಂಚಿನ ಸುಳಿವು ಮೊದಲೇ ಇದ್ದಿತೆಂದೂ ಅದರ ಫಲದಿಂದ ಅವರು ಸಂತುಷ್ಟರಾದರೆಂದೂ ಆ ದೇಶವೇ ಪ್ರಕಟಿಸಿರುವ ದಾಖಲೆಗಳಿಂದ ತಿಳಿದುಬರುತ್ತದೆ. ಆದರೆ ಅಕ್ರಾ ನಗರದ ಜನರು ಬೀದಿಗಿಳಿದು ಹರ್ಷಿಸಿದುದೂ, ಅಧ್ಯಕ್ಷರ ವಿಗ್ರಹವನ್ನು ಕೆಡವಿದುದೂ ಅಷ್ಟೇ ನಿಜ. ವಿದೇಶೀಯರ ಸಂತೋಷವನ್ನು ಮುಂದಿಟ್ಟು ಸ್ವದೇಶೀಯರ ಸಂತೋಷವನ್ನು ಮುಚ್ಚುವುದು ಇತಿಹಾಸಕಾರನಿಗೆ ಸಲ್ಲದು. ಅದರ ವಿಪರ್ಯಯವೂ ಸಲ್ಲದು.

ಎನ್‌ಕ್ರುಮಾ ಗಿನಿ ದೇಶದಲ್ಲಿ ಆಶ್ರಯ ಪಡೆದರು. ಅಲ್ಲಿಯ ಅಧ್ಯಕ್ಷ ಸೆಕು ಟೂರೆ ಅವರಿಗೆ ಸಹಾಧ್ಯಕ್ಷ ಪದವಿಯನ್ನಿತ್ತು ಗೌರವಿಸಿದರು. 1972ರ ಏಪ್ರಿಲ್ 27ರಂದು ರುಮೇನಿಯದ ಬುಖಾರೆಸ್ಟ್ ನಗರದಲ್ಲಿ ಅವರು ಮರಣ ಹೊಂದಿದರು. ಅದೇ ವರ್ಷ ಅವರ ದೇಹವನ್ನು ಹುಟ್ಟೂರಿಗೆ ತಂದು ಹೂಳಲಾಯಿತು. 1992ರಲ್ಲಿ, ಸ್ವಾತಂತ್ರ್ಯವನ್ನು ಘೋಷಿಸಿದ ಅಕ್ರಾದ ಹಳೆಯ ಪೋಲೋ ಮೈದಾನದಲ್ಲಿ, ಸಮಾಧಿಮಂದಿರವೊಂದನ್ನು ನಿರ್ಮಿಸಿ ಅಲ್ಲಿಗೆ ಸ್ಥಳಾಂತರಿಸಲಾಯಿತು. 1966ರಲ್ಲಿ ಕೆಡವಲ್ಪಟ್ಟ ವಿಗ್ರಹದ ಮುಂಡವೂ ಅದರಿಂದ ಬೇರ್ಪಟ್ಟ ಶಿರಸ್ಸೂ ಆ ಆವರಣದಲ್ಲಿಯೇ ಪ್ರದರ್ಶಿಸಲ್ಪಟ್ಟಿವೆ.

ಅವರನ್ನು ಕೆಡವಿದವರು ಅವರ ಪದ್ಧತಿಗಳನ್ನು ಕೆಡವಲಿಲ್ಲ. ಸೈನಿಕ ಸರ್ಕಾರವು ಬಂಧನದಲ್ಲಿದ್ದವರನ್ನು ಬಿಡುಗಡೆ ಮಾಡಿತು. ಆದರೆ ಎನ್‌ಕ್ರುಮಾ ಪಕ್ಷದವರನ್ನು ವಿಚಾರಣೆಯಿಲ್ಲದೆ ಬಂಧಿಸಿತು. 1972ರಲ್ಲಿ, 1979ರಲ್ಲಿ, 1981ರಲ್ಲಿ ಮತ್ತೆ ಸೈನ್ಯವು ಅಧಿಕಾರವನ್ನು ಹಿಡಿಯಿತು. ಕೋಕೋ ಮಂಡಲಿಯೂ ರೈತನ ಪಾಲನ್ನು ಕಬಳಿಸುವ ರೂಢಿಯೂ ಎಲ್ಲ ಸರ್ಕಾರಗಳಡಿಯಲ್ಲಿಯೂ ಮುಂದುವರಿದು, 1983–84ರಲ್ಲಿ ಫಸಲು ಸುಮಾರು 1.6 ಲಕ್ಷ ಟನ್ನುಗಳಿಗೆ ಕುಸಿಯಿತು. ಅಂದರೆ 1954ರ ಶಾಸನದ ದೋಷವು ಒಬ್ಬ ವ್ಯಕ್ತಿಯ ದೋಷವಾಗಿರಲಿಲ್ಲ. ರೈತನಿಂದ ಸುಲಭವಾಗಿ ಹಣವನ್ನೆತ್ತುವ ಯಂತ್ರವನ್ನು ಬ್ರಿಟಿಷರು ನಿರ್ಮಿಸಿದರು, ಎನ್‌ಕ್ರುಮಾ ಬಳಸಿದರು, ಅವರ ವೈರಿಗಳು ಉಳಿಸಿಕೊಂಡರು.

ಘಾನಾದ ಎಲ್ಲೆಗಳ ಹೊರಗೆ ಎನ್‌ಕ್ರುಮಾ ಅವರ ಕೀರ್ತಿಯು ಕುಂದಲಿಲ್ಲ. 1958ರ ಡಿಸೆಂಬರಿನಲ್ಲಿ ಅಕ್ರಾದಲ್ಲಿ ಅವರು ಕರೆದ ಅಖಿಲ ಆಫ್ರಿಕ ಜನತಾ ಸಮ್ಮೇಳನಕ್ಕೆ ಬೆಲ್ಜಿಯನ್ ಕಾಂಗೋದಿಂದ ಪಾಟ್ರಿಸ್ ಲುಮುಂಬಾ ಬಂದಿದ್ದರು. 1961ರಲ್ಲಿ ಬೆಲ್‌ಗ್ರೇಡಿನ ಅಲಿಪ್ತ ರಾಷ್ಟ್ರಗಳ ಸಮ್ಮೇಳನದಲ್ಲಿ ಅವರು ನೆಹರೂ, ಟಿಟೊ, ನಾಸೆರ್ ಮತ್ತು ಸುಕರ್ಣೋ ಅವರೊಡನೆ ಮುಂಚೂಣಿಯಲ್ಲಿದ್ದರು. 1963ರ ಮೇ ತಿಂಗಳಲ್ಲಿ ಆಡಿಸ್ ಅಬಾಬದಲ್ಲಿ ಆಫ್ರಿಕದ ಏಕತಾ ಸಂಸ್ಥೆಯು ಸ್ಥಾಪಿತವಾದಾಗ, ಒಂದೇ ಸರ್ಕಾರವುಳ್ಳ ಆಫ್ರಿಕದ ಒಕ್ಕೂಟ ಬೇಕೆಂಬ ಅವರ ವಾದಕ್ಕೆ ಬೆಂಬಲ ದೊರೆಯಲಿಲ್ಲ. ಸ್ವದೇಶದಲ್ಲಿ ಅಶಾಂಟಿಯು ಕೇಳಿದ ಒಕ್ಕೂಟವನ್ನು ನಿರಾಕರಿಸಿದ ನಾಯಕನು ಖಂಡಕ್ಕೆ ಒಕ್ಕೂಟವನ್ನು ಬೋಧಿಸಿದುದರಲ್ಲಿ ಮೇಲುನೋಟಕ್ಕೆ ವಿರೋಧವು ಕಾಣುತ್ತದೆ. ಆದರೆ ಎರಡರ ಹಿಂದೆಯೂ ಇದ್ದುದು ಒಂದೇ ನಂಬಿಕೆ. ಚಿಕ್ಕ ಘಟಕಗಳು ಪರಕೀಯರ ಪಾಲಾಗುತ್ತವೆ, ಆದುದರಿಂದ ಬಲವಾದ ಕೇಂದ್ರವೊಂದೇ ರಕ್ಷೆ ಎಂಬುದೇ ಆ ನಂಬಿಕೆ.

7

ಮೇಲಿನ ಪರಿಶೀಲನೆಯಿಂದ ನಾವು ಎರಡು ತೀರ್ಮಾನಗಳಿಗೆ ಬರಬಹುದು. ಮೊದಲನೆಯದು, ವಿಮೋಚಕ ಎನ್‌ಕ್ರುಮಾ ಮತ್ತು ನಿರಂಕುಶ ಎನ್‌ಕ್ರುಮಾ ಎಂದು ಇಬ್ಬರಿರಲಿಲ್ಲ. ಜನರೆಲ್ಲರ ಇಚ್ಛೆಯು ಒಂದೇ, ಅದನ್ನು ನುಡಿಯುವ ಪಕ್ಷವೂ ಒಂದೇ ಎಂಬ ಭಾವನೆಯು ಸಾಮ್ರಾಜ್ಯದೆದುರು ಶಕ್ತಿಯಾಗಿತ್ತು. 1954ರಲ್ಲಿ ಜನರಲ್ಲಿಯೇ ಒಂದು ಭಾಗವು ಎದುರು ನಿಂತಾಗ, ಆ ಭಾವನೆಯಲ್ಲಿ ಅವರಿಗೆ ದ್ರೋಹಿಗಳ ಸ್ಥಾನವಲ್ಲದೆ ಬೇರೆ ಸ್ಥಾನವಿರಲಿಲ್ಲ. ಎರಡನೆಯದು, ನಾಯಕನ ಸದ್ಗುಣವನ್ನು ನಂಬಿ ಬರೆದ ಸಂವಿಧಾನವು ನಾಯಕನಿಗೂ ರಕ್ಷೆಯಾಗುವುದಿಲ್ಲ. ವಿರೋಧಿಸುವ ನ್ಯಾಯಸಮ್ಮತ ಮಾರ್ಗಗಳು ಮುಚ್ಚಿಹೋದ ದೇಶದಲ್ಲಿ ಎನ್‌ಕ್ರುಮಾ ಅವರನ್ನು ಬದಲಿಸಲು ಉಳಿದುದು ಬಂದೂಕು ಮಾತ್ರ. 1992ರ ಘಾನಾ ಸಂವಿಧಾನವು ಮೂಲಭೂತ ಹಕ್ಕುಗಳನ್ನು ನ್ಯಾಯಾಲಯದ ರಕ್ಷಣೆಗೆ ಒಳಪಡಿಸಿರುವುದೂ, ಏಕಪಕ್ಷ ವ್ಯವಸ್ಥೆಯನ್ನು ತರುವ ಅಧಿಕಾರವೇ ಸಂಸತ್ತಿಗಿಲ್ಲವೆಂದು ಸಾರಿರುವುದೂ ಅಕೊಟೊ ಮೊಕದ್ದಮೆಯಿಂದ ಕಲಿತ ಪಾಠಗಳೆಂದು ನಾವು ತಿಳಿಯುತ್ತೇವೆ.

ಇದನ್ನು ಓದುವ ಭಾರತೀಯನು ನೆಮ್ಮದಿಯ ನಿಟ್ಟುಸಿರು ಬಿಡುವಂತಿಲ್ಲ. 1975–77ರ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯೂ ವಿಚಾರಣೆಯಿಲ್ಲದ ಬಂಧಿತರನ್ನು ಕಂಡಿತು. ಅಂತಹ ಸಮಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ ಅವಕಾಶವಿಲ್ಲವೆಂದು 1976ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಆ ತೀರ್ಪನ್ನು ನ್ಯಾಯಾಲಯವು ಸ್ಪಷ್ಟವಾಗಿ ತಳ್ಳಿಹಾಕಿದುದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಎರಡು ದೇಶಗಳ ಅದೃಷ್ಟವು ಬೇರೆಯಾದುದಕ್ಕೆ ಮುಖ್ಯ ಕಾರಣ, ಇಲ್ಲಿ 1977ರಲ್ಲಿ ಚುನಾವಣೆಯೊಂದು ನಡೆದುದು ಮತ್ತು ಸೋತವರು ಅಧಿಕಾರವನ್ನು ಬಿಟ್ಟುಕೊಟ್ಟುದು.

ಘಾನಾದಲ್ಲಿ ಎನ್‌ಕ್ರುಮಾ ಅವರನ್ನು ಕುರಿತ ವಿವಾದವು ಇನ್ನೂ ಮುಗಿದಿಲ್ಲ. 2009ರಿಂದ ಅವರ ಜನ್ಮದಿನವಾದ ಸೆಪ್ಟೆಂಬರ್ 21ನ್ನು 'ಸಂಸ್ಥಾಪಕನ ದಿನ' ಎಂದು ಆಚರಿಸಲಾಯಿತು. ಷಣ್ನಾಯಕರಲ್ಲೊಬ್ಬರಾದ ಅಕುಫೊ-ಅಡ್ಡೊ ಅವರ ಮಗ ಅಧ್ಯಕ್ಷರಾಗಿದ್ದಾಗ, 2019ರಲ್ಲಿ ಆಗಸ್ಟ್ 4ನ್ನು 'ಸಂಸ್ಥಾಪಕರ ದಿನ'ವೆಂದು ಬದಲಾಯಿಸಲಾಯಿತು. ಅದು 1947ರಲ್ಲಿ ಕನ್ವೆನ್ಷನ್ ಸ್ಥಾಪಿತವಾದ ದಿನ. 2025ರಲ್ಲಿ ಸೆಪ್ಟೆಂಬರ್ 21ಕ್ಕೆ ಹಿಂದಿನ ಗೌರವವು ಮರಳಿ ಬಂದಿತು. ಏಕವಚನವೋ ಬಹುವಚನವೋ ಎಂಬ ಈ ಪ್ರಶ್ನೆಯು ವ್ಯಾಕರಣಕ್ಕೆ ಸೇರಿದುದಲ್ಲ. ರಾಷ್ಟ್ರವನ್ನು ಕಟ್ಟಿದವನು ಒಬ್ಬನೆಂದರೆ ಎದುರು ನಿಂತವರಿಗೆ ಅದರಲ್ಲಿ ಪಾಲಿಲ್ಲವೆಂದಾಗುತ್ತದೆ; ಅನೇಕರೆಂದರೆ 1949ರಲ್ಲಿ ಜನಸಾಮಾನ್ಯರನ್ನು ರಾಜಕೀಯಕ್ಕೆ ತಂದವನ ವಿಶಿಷ್ಟತೆಯು ಮಸುಕಾಗುತ್ತದೆ. 2007ರಲ್ಲಿ ಹೊರಬಂದ ಘಾನಾದ ಸೆಡಿ ನೋಟುಗಳ ಮೇಲೆ ಷಣ್ನಾಯಕರ ಚಿತ್ರಗಳು ಒಟ್ಟಿಗೆ ಅಚ್ಚಾಗಿವೆ. ಬಂಧಿಸಿದವನೂ ಬಂಧನದಲ್ಲಿ ಮಡಿದವರೂ ಒಂದೇ ಕಾಗದದ ಮೇಲೆ ಇದ್ದಾರೆ. ಇತಿಹಾಸದ ಪಾಠಪುಸ್ತಕದಲ್ಲಿ ಅವರನ್ನು ಒಟ್ಟಿಗೆ ಕೂಡಿಸುವುದು ಅಷ್ಟು ಸುಲಭವಲ್ಲ. ಆ ಕೆಲಸವನ್ನು ಘಾನಾದ ಇತಿಹಾಸಕಾರರು ಮಾಡುತ್ತಿದ್ದಾರೆ. ಅವರ ಕೃತಿಗಳನ್ನು ನಮ್ಮ ವಿದ್ಯಾರ್ಥಿಗಳು ಓದಬೇಕೆಂಬುದು ನಮ್ಮ ಆಶಯ.